ಧಿಗಿಣ ಹಾಕುವ ವೇಷಕ್ಕೆ ಬಾಚಣಿಗೆ ಹಲ್ಲು ಯಾಕೆ ಬಂತು?

ತುಳುವರ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಬದಿಯಡ್ಕದ ಕಡೆ ಮಳೆ ಹಿಡಿಯುತ್ತದೆ. ಮನೆಯೊಳಗೆ ಕೂತು ಮಾಡುವ ಕೆಲಸಗಳಿಗೆ ಆಗ ಕಾಲ. ಹಾಗೆ ಒಂದು ಮಧ್ಯಾಹ್ನ ಭಾವ ತೊಟ್ಟೆಯೊಂದನ್ನು ಹಿಡಿದುಕೊಂಡು ಬಂದರು. ಒಳಗೆ ಮೂರು ವಿಎಚ್‌ಎಸ್ ಕ್ಯಾಸೆಟ್ಟು. 1994ರಲ್ಲಿ ಅವರ ಮನೆ ಗದ್ದೆಯಲ್ಲಿ ಆಡಿಸಿದ ಬಯಲಾಟ. ಒಂದು ಕ್ಯಾಸೆಟ್ಟಿಗೆ ಮೂರು ಗಂಟೆ, ಮೂರು ಸೇರಿದರೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಇಡೀ ಆಟ.

ಮೊದಲನೆಯದನ್ನು ವಿಸಿಆರ್‌ಗೆ ಹಾಕಿ ಕಂಪ್ಯೂಟರಿಗೆ ಇಳಿಸಿದೆ. ಭಾಗವತರು ಕೂತಲ್ಲಿ ಚಿತ್ರ ಚಂದವಾಗಿಯೇ ಇತ್ತು. ಪುಂಡುವೇಷ (ಚುರುಕು ಹುಡುಗನ ಪಾತ್ರ) ಬಂದು ಧಿಗಿಣ ಹಾಕಲು, ಅಂದರೆ ಗಿರಗಿರನೆ ಸುತ್ತಿ ಹಾರಲು ಶುರು ಮಾಡಿದ್ದೇ ತಡ, ವೇಷದ ಅಂಚಿಗೆಲ್ಲ ಅಡ್ಡಡ್ಡ ಗೆರೆ ಎದ್ದಿತು.

"ಇದೆಂತದ್ದು, ಬಾಚಣಿಗೆ ಹಲ್ಲಿನ ಹಾಗೆ? ಕ್ಯಾಸೆಟ್ಟು ಹಾಳಾಯ್ತಾ? ನಮ್ಮ ಹಳೇ ಟಿವಿಯಲ್ಲಿ ಇದು ಇರ್ಲಿಲ್ಲ ಮಾರಾಯ."

ಭಾವ ಹೇಳಿದ್ದು ಸರಿ. ಹಳೇ ಟಿವಿಯಲ್ಲಿ ಅದು ಕಾಣುತ್ತಿರಲಿಲ್ಲ. ಕ್ಯಾಸೆಟ್ಟೂ ಹಾಳಾಗಿರಲಿಲ್ಲ. ಕಂಪ್ಯೂಟರ್ ಒಂದು ಚಿತ್ರ ಅಂತ ತೋರಿಸುತ್ತಿದ್ದುದು ನಿಜಕ್ಕೂ ಎರಡು ಚಿತ್ರ, ಅದೂ ಬೇರೆ ಬೇರೆ ಹೊತ್ತಿನವು. ಇದೊಂದು ತಲೆಗೆ ಹೊಕ್ಕರೆ ಹಳೇ ವಿಡಿಯೋ ಸರಿಮಾಡುವ ಮುಕ್ಕಾಲು ಪಾಲು ಕೆಲಸ ಅರ್ಥವಾದ ಹಾಗೆ.

ಭಾವನಿಗೆ ಹೇಳಲು ನನಗೆ ಸಿಕ್ಕಿದ್ದು ಅವರದೇ ಅಡಿಕೆ ತೋಟ. ಅವರಿಗೆ ಸುರಂಗದ ನೀರೇ ಆಧಾರ. ಗುಡ್ಡದೊಳಗಿಂದ ಅದು ತನ್ನ ಪಾಡಿಗೆ ಒಂದೇ ಹದದಲ್ಲಿ ಬರುತ್ತದೆ, ಬೈದರೂ ಜಾಸ್ತಿ ಬರುವುದಿಲ್ಲ. ದಿನಾ ಇಡೀ ತೋಟಕ್ಕೆ ಬಿಡುವಷ್ಟು ನೀರಿಲ್ಲ. ಎರಡು ದಿನಕ್ಕೊಮ್ಮೆ ಪೂರ್ತಿ ಬಿಟ್ಟರೆ ನಡುವಿನ ದಿನ ತೋಟವೆಲ್ಲ ಒಣಗಿ ನಿಲ್ಲುತ್ತದೆ. ಹಾಗಾಗಿ ಇವತ್ತು ಒಂದು ಸಾಲು ಬಿಟ್ಟು ಒಂದು ಸಾಲಿಗೆ, ನಾಳೆ ಉಳಿದ ಸಾಲುಗಳಿಗೆ. ನೀರು ಖರ್ಚಾಗುವುದು ಅಷ್ಟೇ. ಆದರೆ ಪೂರ್ತಿ ಒಣಗಿದ ಮೂಲೆ ಅಂತ ಯಾವ ದಿನವೂ ಇರುವುದಿಲ್ಲ.

ಟಿವಿ ಕಂಡುಹಿಡಿದವರೂ ಇದನ್ನೇ ಮಾಡಿದರು. ಗಾಳಿಯಲ್ಲಿ ಕಳಿಸಬಹುದಾದ ಸಿಗ್ನಲ್ಲಿಗೆ ಒಂದು ಮಿತಿ ಇತ್ತು, ಸುರಂಗದ ನೀರಿನ ಹಾಗೆ. ಸೆಕೆಂಡಿಗೆ 25 ಪೂರ್ತಿ ಚಿತ್ರ ಕಳಿಸಬಹುದಿತ್ತು. ಆದರೆ ಗಾಜಿನ ಪಿಕ್ಚರ್ ಟ್ಯೂಬಿನಲ್ಲಿ ಒಮ್ಮೆ ಬರೆದ ಗೆರೆ ಕ್ಷಣದಲ್ಲೇ ಮಂಕಾಗುತ್ತದೆ. 25 ಸಲ ಮಾತ್ರ ಬರೆದರೆ ಪರದೆ ಮಿಣಮಿಣ ಅನ್ನುತ್ತದೆ, ನೋಡುವವನಿಗೆ ತಲೆನೋವು. ಅದಕ್ಕೆ ಮೊದಲು 1, 3, 5ನೇ ಗೆರೆಗಳು, ಆಮೇಲೆ 2, 4, 6ನೇ ಗೆರೆಗಳು. ಹೀಗೆ ಅರ್ಧರ್ಧ ಮಾಡಿ ಸೆಕೆಂಡಿಗೆ 50 ಸಲ ಕಳಿಸಿದರು. ಈ ಅರ್ಧಕ್ಕೆ ಫೀಲ್ಡ್ ಅಂತ ಹೆಸರು. ಎರಡು ಫೀಲ್ಡ್ ಸೇರಿದರೆ ಒಂದು ಫ್ರೇಮ್. ಇಡೀ ಏರ್ಪಾಡಿನ ಹೆಸರು ಇಂಟರ್‌ಲೇಸ್. 1936ರಲ್ಲಿ ಬಿಬಿಸಿ ಲಂಡನ್ನಿನಿಂದ 405 ಗೆರೆಗಳ ಪ್ರಸಾರ ಶುರು ಮಾಡಿದಾಗಲೇ ಇದು ಇತ್ತು. ನಮ್ಮಲ್ಲಿ 1982ರಲ್ಲಿ ಬಣ್ಣದ ಟಿವಿ ಬಂದದ್ದು ಪಾಲ್ ಪದ್ಧತಿಯಲ್ಲಿ. ಒಟ್ಟು 625 ಗೆರೆ, ಅದರಲ್ಲಿ ಚಿತ್ರಕ್ಕೆ ಸಿಗುವುದು 576. ಅಂದರೆ ಒಂದು ಫೀಲ್ಡಿಗೆ 288.

ಇಲ್ಲಿ ಒಂದು ಮಾತು ಬಿಟ್ಟುಹೋಗಬಾರದು. ಕ್ಯಾಮರಾ ಒಂದು ಫೋಟೋ ತೆಗೆದು ಅದನ್ನು ಎರಡು ಹೋಳು ಮಾಡುವುದಲ್ಲ. ಮೊದಲ ಫೀಲ್ಡ್ ಒಂದು ಕ್ಷಣದ್ದು, ಎರಡನೆಯದು ಅದಾಗಿ ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲಿನದ್ದು. ವೇಷ ಒಂದು ಸೆಕೆಂಡಿನಲ್ಲಿ ಪರದೆಯ ಈ ತುದಿಯಿಂದ ಆ ತುದಿಗೆ ದಾಟುತ್ತದೆ ಅಂತಿಟ್ಟುಕೊಳ್ಳಿ. ಪರದೆಯ ಅಗಲ 720 ಪಿಕ್ಸೆಲ್. ಎರಡು ಫೀಲ್ಡಿನ ನಡುವೆ ವೇಷ 14 ಪಿಕ್ಸೆಲ್ ಮುಂದೆ ಹೋಗಿರುತ್ತದೆ. ಈಗ ಎರಡನ್ನೂ ಒಂದರೊಳಗೊಂದು ಹೆಣೆದು ಒಟ್ಟಿಗೆ ತೋರಿಸಿದರೆ ಏನಾಗಬೇಕು? ಬೆಸ ಗೆರೆಗಳಲ್ಲಿ ಮೊಣಕೈ ಇಲ್ಲಿ, ಸರಿ ಗೆರೆಗಳಲ್ಲಿ ಮೊಣಕೈ 14 ಪಿಕ್ಸೆಲ್ ಆಚೆ. ಬಾಚಣಿಗೆಯ ಒಂದೊಂದು ಹಲ್ಲೂ ಅಷ್ಟುದ್ದ. ಭಾಗವತರು ಕೂತಲ್ಲೇ ಇದ್ದರಲ್ಲ, ಅವರಿಗೆ ಹಲ್ಲು ಬರಲಿಲ್ಲ.

ಹಳೇ ಟಿವಿ ಎರಡನ್ನೂ ಒಟ್ಟಿಗೆ ತೋರಿಸುತ್ತಲೇ ಇರಲಿಲ್ಲ. ಬಂದ ಫೀಲ್ಡನ್ನು ಬಂದ ಹಾಗೆ ಬರೆಯುತ್ತಿತ್ತು. ಒಂದು ಮಂಕಾಗುವಷ್ಟರಲ್ಲಿ ಇನ್ನೊಂದು. ಈಗಿನ ಚಪ್ಪಟೆ ಪರದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ಬೆಳಗಿಸುತ್ತದೆ. ಜಗಳ ಶುರುವಾಗುವುದು ಅಲ್ಲಿ.

ಕ್ಯಾಸೆಟ್ಟಿನೊಳಗೂ ಇದೇ ಕತೆ. ವಿಸಿಆರ್ ಮುಚ್ಚಳ ತೆಗೆದು ನೋಡಿದವರಿಗೆ ಗೊತ್ತು, ಒಳಗೆ ಹೊಳೆಯುವ ಒಂದು ಲೋಹದ ಡ್ರಮ್ ವಾರೆಯಾಗಿ ಕೂತಿರುತ್ತದೆ. ಪಾಲ್ ವಿಸಿಆರ್‌ನಲ್ಲಿ ಅದು ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25. ಅದರ ಎದುರುಬದುರಿನಲ್ಲಿ ಟೇಪಿಗೆ ಬರೆಯುವ, ಓದುವ ಎರಡು ಹೆಡ್. ಅರ್ಧ ಸುತ್ತಿಗೆ ಒಂದು ಹೆಡ್ ಟೇಪಿನ ಮೇಲೆ ಓರೆಯಾಗಿ ಒಂದು ಗೀಟು ಎಳೆಯುತ್ತದೆ. ಆ ಒಂದು ಗೀಟೇ ಒಂದು ಫೀಲ್ಡ್. ಟೇಪಿಗೆ ಫ್ರೇಮ್ ಅಂದರೆ ಏನೆಂದೇ ಗೊತ್ತಿಲ್ಲ. ಎರಡನ್ನು ಹೆಣೆದು ಫ್ರೇಮ್ ಮಾಡಿದ್ದು ಸಿಗ್ನಲ್ಲನ್ನು ಕಂಪ್ಯೂಟರಿಗೆ ಇಳಿಸುವ ನಮ್ಮ ಕ್ಯಾಪ್ಚರ್ ಡಬ್ಬಿ.

ಹಾಗಾದರೆ ಹೆಣೆದದ್ದನ್ನು ಬಿಚ್ಚಬೇಕು. ಇದಕ್ಕೆ ಡಿಇಂಟರ್‌ಲೇಸ್ ಅನ್ನುತ್ತಾರೆ. ಸೋಮಾರಿ ದಾರಿಗಳು ಎರಡಿವೆ. ಒಂದು, ಒಂದು ಫೀಲ್ಡನ್ನು ಬಿಸಾಡಿ ಉಳಿದದ್ದನ್ನು ಎಳೆದು ದೊಡ್ಡದು ಮಾಡುವುದು. ಹಲ್ಲು ಹೋಗುತ್ತದೆ, ಜೊತೆಗೆ ಅರ್ಧ ಆಟವೂ ಹೋಗುತ್ತದೆ. ಇನ್ನೊಂದು, ಎರಡನ್ನೂ ಬೆರೆಸಿಬಿಡುವುದು. ಆಗ ಪ್ರತಿ ವೇಷಕ್ಕೂ ಅರೆಪಾರದರ್ಶಕ ನೆರಳೊಂದು ಅಂಟಿಕೊಳ್ಳುತ್ತದೆ. ಹಳೇ ಮದುವೆ ಡಿವಿಡಿಗಳಲ್ಲಿ ಅಕ್ಷತೆ ಹಾಕುವ ಒಂದು ಕೈ ಎರಡಾಗಿ ಕಾಣುವುದು ನೋಡಿದ್ದೀರಲ್ವಾ, ಅದೇ ಇದು. ಒಮ್ಮೆ ಬೆರೆಸಿದರೆ ಮುಗಿಯಿತು, ಮಜ್ಜಿಗೆಗೆ ಬಿದ್ದ ನೀರಿನ ಹಾಗೆ ಮತ್ತೆ ಬೇರೆ ಮಾಡಲು ಬರುವುದಿಲ್ಲ.

ಸರಿಯಾದ ದಾರಿ ಅಂದರೆ ಪ್ರತಿ ಫೀಲ್ಡಿಗೂ ಅದರದ್ದೇ ಒಂದು ಪೂರ್ತಿ ಚಿತ್ರ ಕಟ್ಟಿಕೊಡುವುದು. ಸೆಕೆಂಡಿಗೆ 25 ಇದ್ದದ್ದು 50 ಆಗುತ್ತದೆ. ಇದನ್ನು ಬಾಬ್ ಅನ್ನುತ್ತಾರೆ. ಇಲ್ಲದ 288 ಗೆರೆಗಳನ್ನು ಎಲ್ಲಿಂದ ತರುವುದು ಎಂಬುದೇ ಪ್ರಶ್ನೆ. ಮೇಲಿನ ಕೆಳಗಿನ ಗೆರೆ ನೋಡಿ ನಡುವಿನದನ್ನು ಊಹಿಸಬಹುದು. ಆದರೆ ಎರಡು ಫೀಲ್ಡಿನ ಗೆರೆಗಳು ಒಂದಕ್ಕೊಂದು ಅರ್ಧ ಹೆಜ್ಜೆ ಮೇಲೆ ಕೆಳಗೆ ಇರುವುದರಿಂದ ರಂಗಸ್ಥಳದ ಅಡ್ಡಕಂಬ ಸುಮ್ನೆ ನಿಂತಲ್ಲೇ ಕುಣಿಯತೊಡಗುತ್ತದೆ. ಅದಕ್ಕೆ ಬುದ್ಧಿವಂತ ಫಿಲ್ಟರುಗಳು ಹಿಂದಿನ ಮುಂದಿನ ಫೀಲ್ಡನ್ನೂ ನೋಡುತ್ತವೆ. ಅಲ್ಲಾಡದ ಜಾಗವಾದರೆ ಪಕ್ಕದ ಫೀಲ್ಡಿನ ಗೆರೆಯನ್ನೇ ತರುತ್ತವೆ, ಅಲ್ಲಾಡುವ ಜಾಗವಾದರೆ ಮಾತ್ರ ಊಹೆ. ಎಫ್‌ಎಫ್‌ಎಂಪೆಗ್‌ ಎಂಬ ಉಚಿತ ತಂತ್ರಾಂಶದ ಯಾಡಿಫ್ ಈ ಜಾತಿಯದ್ದು. ವೇಗವಾಗಿದೆ, ಹೆಚ್ಚಿನ ಕೆಲಸಕ್ಕೆ ಸಾಕು. ಫೀಲ್ಡಿಗೊಂದು ಫ್ರೇಮ್ ಕೊಡುವ ಮೋಡನ್ನೇ ಆರಿಸಬೇಕು, ತಾನಾಗಿ ಇರುವುದು ಫ್ರೇಮಿಗೊಂದು ಫ್ರೇಮ್ ಕೊಡುವ ಮೋಡ್. ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಬಳಸುವವರು ಬಾಬ್ ಆರಿಸಿದ ಮೇಲೆ ಫ್ರೇಮ್ ರೇಟಿನ ಜಾಗದಲ್ಲಿ 25 ಅಂತ ಉಳಿಸಿಕೊಂಡರೆ ಮಾಡಿದ್ದೆಲ್ಲ ಹೊಳೆಗೆ ಹಾಕಿದ ಹಾಗೆ.

ನಾನು ಮಾತ್ರ ಕ್ಯೂಟಿಜಿಎಂಸಿ ಬಿಟ್ಟು ಬೇರೆಗೆ ಹೋಗುವುದಿಲ್ಲ. ಏವಿಸಿಂತ್ ಮತ್ತು ವೇಪರ್‌ಸಿಂತ್ ಎಂಬ ವಿಡಿಯೋ ತಂತ್ರಾಂಶಗಳ ಒಳಗೆ ಓಡುವ ಸ್ಕ್ರಿಪ್ಟ್ ಇದು. ಸ್ಕ್ರಿಪ್ಟ್ ಬರೆಯಲು ಬೇಸರವಾದರೆ ಹೈಬ್ರಿಡ್ ಎಂಬ ಉಚಿತ ತಂತ್ರಾಂಶದಲ್ಲಿ ಗುಂಡಿ ಒತ್ತಿಯೂ ನಡೆಸಬಹುದು. ಇದು ಚಿತ್ರವನ್ನು ಸಣ್ಣ ಸಣ್ಣ ಚೌಕ ಮಾಡಿ, ಈ ಚೌಕದಲ್ಲಿರುವ ಕಿರೀಟದ ತುಂಡು ಹಿಂದಿನ ಫೀಲ್ಡಿನಲ್ಲಿ ಎಲ್ಲಿತ್ತು, ಮುಂದಿನದರಲ್ಲಿ ಎಲ್ಲಿಗೆ ಹೋಗಿದೆ ಅಂತ ಹುಡುಕುತ್ತದೆ. ವೇಷ ಹಾರಿದ್ದರೂ ಬೆನ್ನು ಹತ್ತಿ ಹಿಡಿಯುತ್ತದೆ. ಹೀಗೆ ಹಿಡಿದ ಹಲವು ಫೀಲ್ಡುಗಳ ನೆರವಿನಿಂದ ಅಂಚನ್ನು ನಯ ಮಾಡುತ್ತದೆ. ನಿಧಾನ ಅಂದರೆ ನಿಧಾನ. ಭಾವನ ಒಂದು ಕ್ಯಾಸೆಟ್ಟಿಗೆ ನನ್ನ ಹಳೇ ಕಂಪ್ಯೂಟರ್ ಇಡೀ ರಾತ್ರಿ ತೆಗೆದುಕೊಂಡಿತು. ಆಟವೂ ಇಡೀ ರಾತ್ರಿಯದ್ದೇ ಅಲ್ವಾ, ಇರಲಿ.

ಶುರು ಮಾಡುವ ಮೊದಲು ಒಂದು ಪರೀಕ್ಷೆ. ಯಾವ ಫೀಲ್ಡ್ ಮೊದಲಿನದ್ದು? ವಿಎಚ್‌ಎಸ್‌ನಿಂದ ಇಳಿಸಿದ್ದರಲ್ಲಿ ಹೆಚ್ಚಾಗಿ ಮೇಲಿನ ಗೆರೆಯದ್ದು ಮೊದಲು. ಮಿನಿಡಿವಿ ಎಂಬ ಡಿಜಿಟಲ್ ಟೇಪಿನ ಕ್ಯಾಮರಾದ್ದಾದರೆ ಕೆಳಗಿನದ್ದು ಮೊದಲು. ತಪ್ಪಿದರೆ ವೇಷ ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಅಂತ ನಡುಗುತ್ತ ಹೋಗುತ್ತದೆ. ಜೋರಾಗಿ ಓಡಾಡುವ ಐದು ಸೆಕೆಂಡು ಆರಿಸಿ, ಬಾಬ್ ಮಾಡಿ, ಒಂದೊಂದೇ ಚಿತ್ರ ಮುಂದೊತ್ತಿ ನೋಡಿದರೆ ಗೊತ್ತಾಗುತ್ತದೆ.

ಸಿನಿಮಾದ ಕ್ಯಾಸೆಟ್ಟಿಗೆ ಈ ಚಿಕಿತ್ಸೆ ಬೇಡ. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಚಿತ್ರದಂತೆ. ಪಾಲ್ ಕ್ಯಾಸೆಟ್ಟಿಗೆ ಹಾಕುವಾಗ ಅದನ್ನು 25ಕ್ಕೆ ಓಡಿಸುತ್ತಾರೆ, ಹಾಡು ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ. ಆದರೆ ಎರಡು ಫೀಲ್ಡೂ ಒಂದೇ ಕ್ಷಣದ್ದು. ಹೆಣೆದ ಹಾಗೆಯೇ ಇಟ್ಟರೆ ಸರಿ.

ಇನ್ನು ಒಂದು ಸಂಕಟದ ಮಾತು. ನನ್ನ ಚಿಕ್ಕಪ್ಪನ ಮದುವೆ ಕ್ಯಾಸೆಟ್ಟನ್ನು ಹಿಂದೊಮ್ಮೆ ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆವು. ಅವರು ಅದನ್ನು 640 × 480ಕ್ಕೆ ಕುಗ್ಗಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟರು. ನಾವೂ ಖುಷಿಯಾಗಿ ದುಡ್ಡು ಕೊಟ್ಟು ಬಂದೆವು. ಹಲ್ಲು ಬಿಚ್ಚುವ ಮೊದಲೇ 576 ಗೆರೆಯನ್ನು 480 ಮಾಡಿದರೆ ಹೊಸ ಗೆರೆ ಒಂದೊಂದರಲ್ಲೂ ಎರಡು ಫೀಲ್ಡಿನ ಬೇರೆ ಬೇರೆ ಪಾಲು ಕಲಸಿರುತ್ತದೆ. ಯಾವುದು ಯಾರದ್ದು ಅಂತ ಹೇಳಲು ಯಾವ ಫಿಲ್ಟರಿಗೂ ಬರುವುದಿಲ್ಲ. ಮೂಲ ಕ್ಯಾಸೆಟ್ಟಿಗೆ ಹೋಗೋಣ ಅಂದರೆ ಅಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿದಿತ್ತು. ಚಿಕ್ಕಮ್ಮ ಈಗಲೂ ಆ ವಿಡಿಯೋದಲ್ಲಿ ಹಲ್ಲುಹಲ್ಲಾಗಿಯೇ ಹೊಸಿಲು ದಾಟಿ ಬರುತ್ತಾರೆ. ಕುಗ್ಗಿಸುವುದು, ಹಿಗ್ಗಿಸುವುದು ಎಲ್ಲ ಕೊನೆಯ ಕೆಲಸ. ಇಳಿಸುವಾಗ 720 × 576, ಇಂಟರ್‌ಲೇಸ್ ಇದ್ದ ಹಾಗೆಯೇ, ಆದಷ್ಟು ಏನೂ ಕಳೆಯದ ಕೋಡೆಕ್ಕಿನಲ್ಲಿ (ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ ವಿಧಾನ). ಹಫ್‌ವೈಯುವಿಯಂಥದ್ದರಲ್ಲಿ ಗಂಟೆಗೆ 30 ಜಿಬಿ ಆಸುಪಾಸು ಬೇಕಾಗುತ್ತದೆ. ಹಾರ್ಡ್‌ಡಿಸ್ಕ್ ಇವತ್ತಿಗೂ ಸಿಗುತ್ತದೆ, ಕ್ಯಾಸೆಟ್ಟು ಸಿಗುವುದಿಲ್ಲ.

ಕಂಬಗಳು ನೀರಿನಲ್ಲಿ ಕಂಡ ಹಾಗೆ ಬಳುಕುತ್ತಿದ್ದರೆ ಅದನ್ನೂ ಇಳಿಸುವಾಗಲೇ ಸರಿಮಾಡಬೇಕು. ಟೇಪು ಎಳೆದು ಹಿಗ್ಗಿದಾಗ ಪ್ರತಿ ಗೆರೆಯೂ ಸ್ವಲ್ಪ ಹಿಂದೆ ಮುಂದೆ ಶುರುವಾಗುತ್ತದೆ. ಗೆರೆಗಳ ಹೊತ್ತನ್ನು ಸರಿಮಾಡುವ ಟೈಮ್ ಬೇಸ್ ಕರೆಕ್ಟರ್ ಇರುವ ವಿಸಿಆರ್ ಸಿಕ್ಕರೆ ಅದೇ ಮದ್ದು.

ಈಗ ಇರುವೆಗಳಿಗೆ ಬರೋಣ. ರಾತ್ರಿಯ ಆಟ, ನಾಲ್ಕು ಟ್ಯೂಬ್‌ಲೈಟು, 1994ರ ಕ್ಯಾಮರಾ. ಬೆಳಕು ಸಾಲದಾದಾಗ ಕ್ಯಾಮರಾ ಸಿಗ್ನಲ್ಲನ್ನು ಒತ್ತಾಯದಿಂದ ಏರಿಸುತ್ತದೆ, ಅದರ ಜೊತೆ ಗದ್ದಲವೂ ಏರುತ್ತದೆ. ಅದರ ಮೇಲೆ ಟೇಪಿನದ್ದೇ ಗದ್ದಲ. ಕಪ್ಪು ಜಾಗದಲ್ಲೆಲ್ಲ ಇರುವೆ ಹರಿದ ಹಾಗೆ. ಇದಕ್ಕೆ ನಾಯ್ಸ್ ಅನ್ನುತ್ತಾರೆ. ಕಣ್ಣಿಗೆ ಕಿರಿಕಿರಿ ಒಂದೇ ಅಲ್ಲ, ಫೈಲಿನ ಗಾತ್ರವನ್ನೂ ತಿನ್ನುತ್ತದೆ. ವಿಡಿಯೋ ಕೋಡೆಕ್ಕು ಮುಂದಿನ ಚಿತ್ರ ಹಿಂದಿನದ್ದರ ಹಾಗೇ ಇರಬಹುದು ಅಂತ ನಂಬಿ ಜಾಗ ಉಳಿಸುವ ಪ್ರಾಣಿ. ಇರುವೆಗಳು ಯಾವ ಲೆಕ್ಕಕ್ಕೂ ಸಿಗದ ಕಾರಣ ಅದು ಪ್ರತಿ ಸಲವೂ ಹೊಸದಾಗಿ ಬರೆಯಬೇಕು.

ಇರುವೆ ಓಡಿಸುವ ತತ್ವ ಬಹಳ ಸುಲಭ. ರಂಗಸ್ಥಳದ ಪರದೆಯ ಒಂದು ಚುಕ್ಕಿಯನ್ನು ನೋಡಿ. ಅದರ ನಿಜ ಬಣ್ಣ ಬದಲಾಗುವುದಿಲ್ಲ. ನಾಯ್ಸ್ ಮಾತ್ರ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನಾಲ್ಕು ಚಿತ್ರಗಳ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಒಂಬತ್ತರದ್ದು ತೆಗೆದರೆ ಮೂರನೇ ಒಂದಕ್ಕೆ. ವರ್ಗಮೂಲದ ಲೆಕ್ಕ ಇದು. ಹಾಗಾಗಿ ಆಮೇಲಾಮೇಲೆ ಶ್ರಮ ಜಾಸ್ತಿ, ಲಾಭ ಕಡಿಮೆ. ತೊಂದರೆ ಇರುವುದು ಓಡಾಡುವ ಜಾಗದಲ್ಲಿ. ಅಲ್ಲಿ ಸುಮ್ನೆ ಸರಾಸರಿ ತೆಗೆದರೆ ಮತ್ತೆ ದೆವ್ವದ ನೆರಳು. ಅದಕ್ಕೇ ಇಲ್ಲಿಯೂ ಬೆನ್ನು ಹತ್ತುವ ವಿದ್ಯೆ ಬೇಕು. ಚೌಕ ಎಲ್ಲಿಗೆ ಹೋಯಿತೆಂದು ಹುಡುಕಿ, ಅದನ್ನು ತಂದು, ಆಮೇಲೆ ಸರಾಸರಿ. ಎಂವಿಟೂಲ್ಸ್‌ ಎಂಬ ಫಿಲ್ಟರ್ ಕಟ್ಟಿನಲ್ಲಿರುವ ಎಂಡಿಗ್ರೇನ್ ಮಾಡುವುದು ಇದನ್ನೇ. ಜೋಡಿ ಸರಿಯಾಗಿ ಸಿಗದಿದ್ದರೆ ಬಿಟ್ಟುಬಿಡುವ ಮಿತಿಯೊಂದನ್ನೂ ಇಡಬಹುದು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಪ್ರವೇಶಕ್ಕೆ ದೊಂದಿಗೆ ರಾಳದ ಹುಡಿ ಎಸೆದಾಗ ಬೆಂಕಿ ಭಗ್ ಅನ್ನುತ್ತದಲ್ಲ, ಆಗ ಇಡೀ ಪರದೆಯ ಬೆಳಕೇ ಬದಲಾಗಿ ಯಾವ ಚೌಕಕ್ಕೂ ಜೋಡಿ ಸಿಗುವುದಿಲ್ಲ. ಅಲ್ಲಿ ನಾಯ್ಸ್ ಹಾಗೇ ಉಳಿಯುತ್ತದೆ. ಉಳಿಯಲಿ, ಬೆಂಕಿ ನೋಡುವವನಿಗೆ ಇರುವೆ ಕಾಣುವುದಿಲ್ಲ.

ನಾಯ್ಸ್ ತೆಗೆಯುವುದು ಹಲ್ಲು ಬಿಚ್ಚಿದ ಮೇಲೆ ಯಾಕೆ? ಬಿಚ್ಚದ ಚಿತ್ರದಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಹೊತ್ತೇ ಬೇರೆ. ಸಾಮಾನ್ಯ ಫಿಲ್ಟರಿಗೆ ಇದು ಗೊತ್ತಿಲ್ಲ. ನೆರೆಹೊರೆಯವು ಅಂತ ನಂಬಿ ಎರಡನ್ನೂ ಬೆರೆಸುತ್ತದೆ. ಡಿವಿಡಿಗಾಗಿ ಇಂಟರ್‌ಲೇಸ್ ಆಗಿಯೇ ಉಳಿಸಬೇಕಾದರೆ ಮೊದಲು ಫೀಲ್ಡುಗಳನ್ನು ಬೇರೆ ಮಾಡಿ, ಶುಚಿ ಮಾಡಿ, ಮತ್ತೆ ಹೆಣೆಯಬೇಕು.

ಹಿಂದು ಮುಂದು ನೋಡದೆ ಒಂದೇ ಚಿತ್ರದೊಳಗೆ ಅಕ್ಕಪಕ್ಕದ ಚುಕ್ಕಿಗಳನ್ನು ಸವರುವ ಫಿಲ್ಟರುಗಳೂ ಇವೆ. ಅವುಗಳ ಬಗ್ಗೆ ನನಗೆ ಭಯ. ಬಣ್ಣದ ವೇಷದ ಮುಖ ಹತ್ತಿರದಿಂದ ನೋಡಿದ್ದೀರಾ? ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು, ಸುಣ್ಣದ ಕಲಸಿನಿಂದ ಒಂದೊಂದೇ ಚುಟ್ಟಿ ಇಟ್ಟಿರುತ್ತಾರೆ, ಮುಳ್ಳುಮುಳ್ಳಾಗಿ. ಟೇಪಿನಲ್ಲಿ ಒಂದು ಚುಟ್ಟಿ ಅಂದರೆ ಎರಡು ಮೂರು ಪಿಕ್ಸೆಲ್. ಸವರುವ ಫಿಲ್ಟರಿಗೆ ಚುಟ್ಟಿಯೂ ಒಂದೇ, ಇರುವೆಯೂ ಒಂದೇ. ನಾನು ಮೊದಲ ಸಲ ಜೋರಾಗಿ ಹಾಕಿ ನೋಡಿದಾಗ ಚುಟ್ಟಿಗಳೆಲ್ಲ ಕರಗಿ ರಾಕ್ಷಸನ ಮುಖಕ್ಕೆ ಬಿಳೀ ಪೌಡರ್ ಬಳಿದ ಹಾಗಾಯಿತು. ಚಿತ್ರ ಹಿಗ್ಗಿಸುವ ಕೃತಕ ಬುದ್ಧಿಯ ಅಪ್‌ಸ್ಕೇಲರ್ ಒಂದನ್ನೂ ಹಾಕಿ ನೋಡಿದೆ. ಅದು ಬಣ್ಣಗಾರಿಕೆಯನ್ನೇ ಬದಲಿಸಿ ಯಾರೋ ನುಣ್ಣನೆ ಕೆನ್ನೆಯ ಹುಡುಗನನ್ನು ತಂದು ನಿಲ್ಲಿಸಿತು. ಹಿಂದು ಮುಂದಿನ ಚಿತ್ರ ನೋಡುವ ಫಿಲ್ಟರಿನಲ್ಲಿ ಈ ಕಷ್ಟ ಕಡಿಮೆ. ಚುಟ್ಟಿ ಪ್ರತಿ ಚಿತ್ರದಲ್ಲೂ ಇರುತ್ತದೆ, ಇರುವೆ ಇರುವುದಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ಕೈ ಬಿಗಿ ಬೇಡ. ವಿಎಚ್‌ಎಸ್ ಬಣ್ಣವನ್ನು ಬೇರೆಯಾಗಿ, ತುಂಬ ಇಕ್ಕಟ್ಟಿನ ಜಾಗದಲ್ಲಿ ಬರೆಯುತ್ತದೆ. ಕಪ್ಪು ಬಿಳುಪಿನ ವಿವರ ಅಡ್ಡಕ್ಕೆ 240 ಗೆರೆಯಷ್ಟು ಸಿಕ್ಕರೆ ಬಣ್ಣದ್ದು 40ರ ಆಸುಪಾಸು. ಕೆಂಪಿನಲ್ಲಿ ಗದ್ದಲ ಎದ್ದು ಕಾಣುತ್ತದೆ, ನಮ್ಮ ವೇಷಗಳಿಗೋ ಕೆಂಪೇ ಜೀವ. ಬಣ್ಣದ ಪದರದಲ್ಲಿ ಸಣ್ಣ ವಿವರ ಹೇಗೂ ಇಲ್ಲದ ಕಾರಣ ಅಲ್ಲಿ ಫಿಲ್ಟರ್ ಜೋರಾಗಿ ಹಾಕಿದರೆ ನಷ್ಟ ಇಲ್ಲ. ಬೆಳಕಿನ ಪದರಕ್ಕೆ ಮಾತ್ರ ಮೆಲ್ಲಗೆ.

ಕೊನೆಗೆ ಕೆಳಗಿನ ಅಂಚಿನಲ್ಲಿ ಎರಡು ಹೆಡ್‌ಗಳ ಕೈಬದಲಾವಣೆಯಿಂದ ಹರಿದಂತೆ ಕಾಣುವ ಪಟ್ಟಿಯನ್ನು ಕತ್ತರಿಸಬೇಕು. ಹಳೇ ಟಿವಿಯ ಚೌಕಟ್ಟು ಅದನ್ನು ಮುಚ್ಚಿಡುತ್ತಿತ್ತು. ಯೂಟ್ಯೂಬಿಗೆ ಹಾಕುವುದಾದರೆ 1440 × 1080ಕ್ಕೆ ಹಿಗ್ಗಿಸಿ ಹಾಕಿ. ಟೇಪಿನಲ್ಲಿ ಅಷ್ಟು ವಿವರ ಖಂಡಿತ ಇಲ್ಲ. ಆದರೆ ಯೂಟ್ಯೂಬು 50 ಫ್ರೇಮ್ ಉಳಿಸಿಕೊಡುವುದು 720 ಗೆರೆ ಮತ್ತು ಅದರ ಮೇಲಿನ ಗಾತ್ರಗಳಲ್ಲಿ. ಇಲ್ಲದಿದ್ದರೆ ಅರ್ಧ ಧಿಗಿಣ ಅಲ್ಲೇ ಬಿದ್ದುಹೋಗುತ್ತದೆ.

ಭಾವನಿಗೆ ಎರಡು ಪ್ರತಿ ಮಾಡಿ ತೋರಿಸಿದೆ. ಒಂದರಲ್ಲಿ ನಾಯ್ಸ್ ಪೂರ್ತಿ ತೆಗೆದು ಕಪ್ಪನ್ನು ಕಪ್ಪಾಗಿ ಮಾಡಿದ್ದೆ, ಟೇಪಿನ ಬಿಳಿ ಗೀರುಗಳನ್ನು ಅಳಿಸುವ ಫಿಲ್ಟರನ್ನೂ ಸೇರಿಸಿದ್ದೆ. ಇನ್ನೊಂದರಲ್ಲಿ ಅರ್ಧಕ್ಕರ್ಧ ಬಿಟ್ಟಿದ್ದೆ. ಮೊದಲನೆಯದನ್ನು ಹತ್ತು ನಿಮಿಷ ನೋಡಿದರು. ಚೆಂಡೆ ಏರಿತು, ಪುಂಡುವೇಷ ಹಾರಿತು, ಅಂಚು ಬೆಣ್ಣೆಯ ಹಾಗಿತ್ತು. "ಚಂದ ಆಗಿದೆ. ಆದ್ರೆ ಆ ರಾತ್ರಿ ಟ್ಯೂಬ್‌ಲೈಟಿಗೆ ಹುಳ ಮುತ್ತಿತ್ತಲ್ಲ, ಭಾಗವತರು ಪದ ಹೇಳ್ತಾ ಹೇಳ್ತಾ ಕೈಯಲ್ಲಿ ಓಡಿಸ್ತಿದ್ರು. ಹುಳ ಎಲ್ಲಿ?" ಅಂದರು.

ಭಾಗವತರ ಕೈ ಗಾಳಿಯಲ್ಲಿ ಸುಮ್ಮನೆ ಆಡುತ್ತಿತ್ತು. ಒಂದು ಚಿತ್ರದಲ್ಲಿ ಇದ್ದು ಮುಂದಿನದರಲ್ಲಿ ಇಲ್ಲದ ಬಿಳಿ ಚುಕ್ಕಿ ಅಂದರೆ ಗೀರು ಅಂತ ನಂಬಿದ ಫಿಲ್ಟರ್ ಹುಳಗಳನ್ನೆಲ್ಲ ಅಳಿಸಿತ್ತು. ಎರಡನೇ ಪ್ರತಿ ಹಾಕಿದೆ. ಒಂದಷ್ಟು ಇರುವೆಯ ಜೊತೆಗೆ ಹುಳವೂ ಬಂತು.

"ಇದನ್ನೇ ಕೊಡು," ಅಂದರು ಭಾವ.